ಮಡಿಲಲ್ಲಿ ಏನಿದೆ ಅಂದರು, ಏನೂ ಇಲ್ಲ ಅಂದೆ

ಕಳೆದ ತಿಂಗಳು ನಾನೊಂದು ಸುಳ್ಳು ಹೇಳಿದೆ. ತೀರಾ ಚಿಕ್ಕದು. ಒಂದೇ ಅಕ್ಷರ. ‘ನೋ.’

ಹೇಳಿದ್ದು ಹವಾಯಿಯ ಕೋನಾ ಏರ್‌ಪೋರ್ಟಿನಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ಯೂನಿಫಾರಂ ತೊಟ್ಟ ಒಬ್ಬ ಹೆಂಗಸಿನ ಮುಖ ನೋಡಿಕೊಂಡು. ನನ್ನ ಒಂದು ಪಕ್ಕದಲ್ಲಿ ಹೆಂಡತಿ ಸುಮಾ ಇದ್ದಳು. ಇನ್ನೊಂದು ಪಕ್ಕದಲ್ಲಿ ಹದಿನಾಲ್ಕು ವರ್ಷದ ಮಗಳು ಇಂಚರಾ. ಮಿಷಿಗನ್ನಿನ ರಾಚೆಸ್ಟರ್ ಹಿಲ್ಸಿನ ಮನೆಗೆ ವಾಪಸ್ ಬಂದು, ಡ್ರೈವ್‌ವೇಯ ಹಿಮವನ್ನು ಎರಡು ಸಲ ಎತ್ತಿ ಹಾಕಿಯೂ ಆಯಿತು. ಆ ಒಂದಕ್ಷರ ಮಾತ್ರ ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆ.

(ಜೀವನದಲ್ಲಿ ಸುಳ್ಳೇ ಹೇಳದವರು ಈ ವಾರ ನನ್ನನ್ನು ಬಿಟ್ಟು ನೇರವಾಗಿ ಪದಬಂಧಕ್ಕೆ ಹೋಗಬಹುದು.)

ಅಷ್ಟು ದೂರದ ಹವಾಯಿಗೇ ಯಾಕೆ ಹೋದಿರಿ ಅಂತ ಕೇಳುತ್ತೀರಿ. ಬೇರೆಲ್ಲೂ ಹೋಗುವ ಹಾಗಿಲ್ಲವಲ್ಲ ಸ್ವಾಮಿ, ಅದಕ್ಕೆ! ಹದಿನಾರು ವರ್ಷದಿಂದ ವರ್ಕ್ ವೀಸಾದಲ್ಲಿದ್ದೇವೆ. ಈ ದೇಶದ ಗಡಿ ದಾಟಿದರೆ ಮತ್ತೆ ಒಳಗೆ ಬರಲು ಪಾಸ್‌ಪೋರ್ಟಿನಲ್ಲಿ ಹೊಸ ಸ್ಟ್ಯಾಂಪ್ ಬೇಕು. ಸ್ಟ್ಯಾಂಪಿಗೆ ಕಾನ್ಸುಲೇಟಿನಲ್ಲಿ ಡೇಟ್ ಸಿಗಬೇಕು. ಡೇಟ್ ಸಿಗಲಿಲ್ಲವೋ, ಕೆಲಸ ಇಲ್ಲಿ, ನೀವು ಅಲ್ಲಿ. ಹಾಗಾಗಿ ನಮ್ಮ ಜನಕ್ಕೆ ತೆಂಗು, ಬಾಳೆ, ಸಮುದ್ರ ನೋಡುವ ಆಸೆಯಾದರೆ ಹವಾಯಿಗೆ ಹೋಗುತ್ತಾರೆ. ಸುತ್ತ ಸಾವಿರಾರು ಮೈಲಿ ನೀರಿದ್ದರೂ ಅದು ಡೊಮೆಸ್ಟಿಕ್ ಫ್ಲೈಟ್. ಸ್ಟ್ಯಾಂಪಿಂಗ್ ಬೇಡದ ಫಾರಿನ್.

ಸ್ಟ್ಯಾಂಪಿಂಗ್ ವಿಷಯ ಬಂದದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ನನ್ನ ಅತ್ತೆ ತೀರಿಕೊಂಡರು. ಅವರಿಗೆ ಸುಮಾ ಒಬ್ಬಳೇ ಮಗಳು. “ನಾನು ಹೋಗ್ತೀನಿ” ಅಂದಳು. “ಹೋದ್ರೆ ವಾಪಸ್ ಬರೋದ್ ಯಾವಾಗ? ಇಂಚರಾ ಸ್ಕೂಲು? ಈಗ ಹೋಗಿ ಮಾಡೋದ್ ಏನೂ ಇಲ್ಲ ಬಿಡು, ಮುಂದಿನ ವರ್ಷ ಒಟ್ಟಿಗೆ ಹೋಗೋಣ” ಅಂದೆ. ಅವಳು ಮತ್ತೆ ಕೇಳಲಿಲ್ಲ. ಅಮ್ಮನ ಕಾರ್ಯವನ್ನೆಲ್ಲ ಐಪ್ಯಾಡಿನಲ್ಲಿ ನೋಡಿದಳು. ಮುಂದಿನ ವರ್ಷ ಬಂತು, ಹೋಯಿತು. ನಾವು ಹೋಗಲಿಲ್ಲ.

ಹೋಗಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಅದೇ ನನ್ನನ್ನು ಕೊರೆಯುವುದು.

ಕೋನಾದಲ್ಲಿ ನಾವು ಉಳಿದದ್ದು ಗಿರಿಜಾ ಆಂಟಿಯ ಮನೆಯಲ್ಲಿ. ಡೌನರ್ಸ್ ಗ್ರೋವಿನಲ್ಲಿರುವ ನನ್ನ ಗೆಳೆಯ ವಿರೂಪಾಕ್ಷನ ಸೋದರತ್ತೆ ಅವರು. ಧಾರವಾಡದವರು. ಗಂಡ ಹವಾಯಿಯ ಕಾಲೇಜಿನಲ್ಲಿ ಮಣ್ಣಿನ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದಾರೆ. ಸಮುದ್ರ ಕಾಣುವ ಗುಡ್ಡದ ಮೇಲೆ ಮನೆ. ಹಿಂದೆ ಒಂದಿಷ್ಟು ಕಾಫಿ ಗಿಡ, ವೀಳ್ಯದೆಲೆಯ ಬಳ್ಳಿ, ಮಾಡಿಗೆ ತಾಗುವಷ್ಟು ಎತ್ತರದ ಕರಿಬೇವಿನ ಮರ. ಮಿಷಿಗನ್ನಿನಲ್ಲಿ ಕರಿಬೇವನ್ನು ಕುಂಡದಲ್ಲಿಟ್ಟು, ಹೀಟರಿನ ಪಕ್ಕಕ್ಕೆ ಸರಿಸಿ, ಆದರೂ ಪ್ರತಿ ಫೆಬ್ರವರಿಯಲ್ಲಿ ಅದು ಒಣಗುವುದನ್ನು ನೋಡುವ ಸುಮಾ, ಮೊದಲ ದಿನ ಆ ಮರದ ಕೆಳಗೆ ಸುಮ್ಮನೆ ನಿಂತೇ ಇದ್ದಳು.

ಅಲ್ಲಿನ ದಿನಗಳ ಬಗ್ಗೆ ಬರೆಯಲು ಇದೊಂದು ಅಂಕಣ ಸಾಲದು. ಕಡಲು, ಬೆಟ್ಟ, ಸೂರ್ಯಾಸ್ತ ಎಲ್ಲ ನೀವು ಫೋಟೋದಲ್ಲಿ ನೋಡಿದ್ದೇ. ನನಗೆ ಹಿಡಿಸಿದ್ದು ಬೇರೆ. ಅಲ್ಲಿ ಯಾರ ಮನೆಗೆ ಹೋದರೂ ಚಪ್ಪಲಿ ಬಾಗಿಲ ಹೊರಗೇ ಬಿಡಬೇಕು. ಯಾರೂ ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ. ಹಿತ್ತಲ ಪಪ್ಪಾಯಿಯೋ ನಿಂಬೆಯೋ ಚೀಲದಲ್ಲಿರುತ್ತದೆ. ರಸ್ತೆಯಲ್ಲಿ ಹಾರ್ನ್ ಇಲ್ಲ. ಹಿಂದೆ ಎಷ್ಟೇ ಕಾರು ನಿಂತಿರಲಿ, ಎದುರು ಸಿಕ್ಕವರ ಹತ್ತಿರ ಎರಡು ಮಾತಾಡಿಯೇ ಮುಂದೆ ಹೋಗುವುದು. ಇನ್ನು ದೊಡ್ಡವರನ್ನೆಲ್ಲ ಅವರು ಕರೆಯುವುದು ಏನಂತ ಗೊತ್ತೇ? ಆಂಟಿ, ಅಂಕಲ್! ರಕ್ತಸಂಬಂಧವೇ ಬೇಕಾಗಿಲ್ಲ. ನಮ್ಮ ಗಿರಿಜಾ ಆಂಟಿ ಇಡೀ ರಸ್ತೆಗೆ ‘ಆಂಟಿ ಗಿರಿ.’

“ಅಪ್ಪಾ, ದೇ ಡು ಇಟ್ ಟೂ!” ಅಂದಳು ಇಂಚರಾ. ಸಿಕ್ಕ ಸಿಕ್ಕವರನ್ನೆಲ್ಲ ಆಂಟಿ ಅನ್ನುವುದು ಅಪ್ಪ ಅಮ್ಮನ ಹುಚ್ಚು ಅಂದುಕೊಂಡಿದ್ದಳು ಪಾಪ.

ಹೊರಡುವ ದಿನ ಬೆಳಗ್ಗೆ ಗಿರಿಜಾ ಆಂಟಿ ಸುಮಾಳನ್ನು ದೇವರ ಮುಂದೆ ಕರೆದರು. “ಇಲ್ಲೆ ಕೂಡು ಬಾ ಅವ್ವಾ. ಉಡಿ ತುಂಬತೇನಿ.”

“ಅಯ್ಯೋ, ಅದೆಲ್ಲ ಯಾಕ್ ಆಂಟಿ...”

“ಯಾಕಂದ್ರ? ಮನಿ ಮಗಳು ಹಂಗ ಬರೀ ಉಡಿಲೇ ಹೋಗಬಾರ್ದು. ನೀವು ಮಡಿಲು ಅಂತೀರಿ, ನಾವು ಉಡಿ ಅಂತೇವಿ. ಅಕ್ಕಿ ಅಂತೂ ಎರಡರಾಗೂ ಅದ.”

ಸುಮಾ ಜೀನ್ಸಿನ ಮೇಲೊಂದು ದುಪಟ್ಟಾ ಹೊದ್ದು ಸೆರಗೊಡ್ಡಿ ಕೂತಳು. ಆಂಟಿ ಐದು ಸಲ ಬೊಗಸೆ ತುಂಬ ಅಕ್ಕಿ ಸುರಿದರು. ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಅರಿಶಿನದ ಕೊಂಬು, ಹಸಿರು ಬಳೆ, ಪೆಟ್ಟಿಗೆಯಲ್ಲಿ ಎಷ್ಟು ಕಾಲದಿಂದ ಇತ್ತೋ ಒಂದು ಗುಳೇದಗುಡ್ಡದ ಖಣ. ಬಳ್ಳಿಯಿಂದ ಆಗತಾನೇ ಕಿತ್ತ ವೀಳ್ಯದೆಲೆ. ಕೊನೆಗೆ ಏನೋ ನೆನಪಾದವರಂತೆ ಹಿತ್ತಲಿಗೆ ಹೋಗಿ ಮೊಸರಿನ ಡಬ್ಬಿಯೊಂದನ್ನು ತಂದರು. ಒಳಗೆ ಕಪ್ಪು ಮಣ್ಣು, ಗೇಣುದ್ದದ ಕರಿಬೇವಿನ ಸಸಿ. “ಇದನ್ನೂ ತಗೋ. ತವರುಮನಿ ಗಿಡ ಅದ.”

ತವರುಮನೆ ಅನ್ನುವ ಮಾತು ಕೇಳಿದ್ದೇ ತಡ, ಸುಮಾ ಅತ್ತುಬಿಟ್ಟಳು. ಎರಡು ವರ್ಷದಿಂದ ಅವಳ ಮಡಿಲಿಗೆ ಯಾರೂ ಒಂದು ಹಿಡಿ ಅಕ್ಕಿ ಹಾಕಿರಲಿಲ್ಲ. ಹಾಕುವವರು ಹೋಗಿದ್ದರು. ಅಳುತ್ತಲೇ ಎಲ್ಲವನ್ನೂ ದುಪಟ್ಟಾದಲ್ಲಿ ಗಂಟು ಕಟ್ಟಿದಳು. ಆ ಗಂಟನ್ನು ಮನೆಗೆ ಹೋಗಿ, ದೀಪ ಹಚ್ಚಿಯೇ ಬಿಚ್ಚಬೇಕು. ಅವಳ ಅಮ್ಮನ ಕಾಲದಿಂದಲೂ ಅದೇ ಕ್ರಮ. ಗಂಟು ಸೂಟ್‌ಕೇಸಿನೊಳಗೆ ಹೋಯಿತು. ಪಕ್ಕದಲ್ಲಿ, ಟವೆಲ್ ಸುತ್ತಿಕೊಂಡು, ಮೊಸರಿನ ಡಬ್ಬಿ.

ಕೋನಾ ಏರ್‌ಪೋರ್ಟಿಗೆ ಗೋಡೆಗಳೇ ಇಲ್ಲ ಅನ್ನಬೇಕು. ಕರಕಲು ಲಾವಾ ಬಯಲಿನ ನಡುವೆ ಗುಡಿಸಲಿನಂಥ ಮಾಡುಗಳು, ಗಾಳಿ, ಬಿಸಿಲು. ಚೆಕ್ ಇನ್ ಕೌಂಟರಿಗೂ ಮುಂಚೆ ಒಂದು ಎಕ್ಸ್‌ರೇ ಮೆಷಿನ್, ಅದರ ಮೇಲೊಂದು ಬೋರ್ಡು. ಹಣ್ಣು, ಗಿಡ, ಮಣ್ಣಿನ ಚಿತ್ರ. ಚಿತ್ರದ ಮೇಲೆ ಕೆಂಪು ಗೆರೆ. ದ್ವೀಪದ ಹುಳ ಹುಪ್ಪಟೆ ಮೇನ್‌ಲ್ಯಾಂಡಿಗೆ ಬರಬಾರದು ಅಂತ ಕೃಷಿ ತಪಾಸಣೆ. ಅಮೆರಿಕದೊಳಗೇ ಅಮೆರಿಕಕ್ಕೆ ಹೋಗುವವರಿಗೂ!

ಬೋರ್ಡು ನನಗೆ ಇಪ್ಪತ್ತು ಹೆಜ್ಜೆ ದೂರದಿಂದಲೇ ಕಂಡಿತು.

ಇಪ್ಪತ್ತು ಹೆಜ್ಜೆ ಕಡಿಮೆಯೇನಲ್ಲ. ಸುಮಾಗೆ ಹೇಳಬಹುದಿತ್ತು. ಪಕ್ಕಕ್ಕೆ ನಿಂತು ಸೂಟ್‌ಕೇಸ್ ತೆರೆಯಬಹುದಿತ್ತು. ನಾನು ಮಾಡಿದ್ದು ಲೆಕ್ಕಾಚಾರ. ಹೇಳಿದರೆ ಪೆಟ್ಟಿಗೆ ತೆರೆಸುತ್ತಾರೆ. ತೆರೆಸಿದರೆ ಹೆಸರು ಬರೆದುಕೊಳ್ಳುತ್ತಾರೆ. ಬರೆದರೆ ಅದು ಎಲ್ಲಿಗೋ ಹೋಗುತ್ತದೆ. ಹದಿನಾರು ವರ್ಷದ ಗ್ರೀನ್ ಕಾರ್ಡ್ ಕ್ಯೂ ಈಗ ನಮ್ಮ ಬಾಗಿಲಿಗೆ ಬಂದಿದೆ, ಇನ್ನೇನು ಈ ತಿಂಗಳೋ ಮುಂದಿನ ತಿಂಗಳೋ. ಈಗ ಒಂದು ಮೊಸರಿನ ಡಬ್ಬಿಗೋಸ್ಕರ...

“ಎನಿ ಫ್ರೂಟ್ಸ್? ಪ್ಲಾಂಟ್ಸ್? ಸಾಯಿಲ್?” ಕೇಳಿದಳು ಯೂನಿಫಾರಂ ಹೆಂಗಸು. ಐವತ್ತು ದಾಟಿದ ದಪ್ಪ ದೇಹ, ಕಿವಿಯ ಹಿಂದೆ ಒಂದು ಬಿಳಿ ಹೂವು.

“ನೋ” ಅಂದೆ.

ಇದರ ಮೂಲ ಹುಡುಕಬೇಕಾದರೆ ಡೌನರ್ಸ್ ಗ್ರೋವಿಗೆ ಹೋಗಬೇಕು. ಈ ದೇಶಕ್ಕೆ ಬಂದ ಹೊಸದರಲ್ಲಿ ನಾನೂ ವಿರೂಪಾಕ್ಷನೂ ಅಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮೊದಲ ಸಲ ಊರಿಗೆ ಹೋಗಿ ಸ್ಟ್ಯಾಂಪ್ ಹಾಕಿಸಿಕೊಳ್ಳಬೇಕಾದಾಗ ಇಂಟರ್‌ವ್ಯೂಗೆ ನನ್ನ ಗುರು ಅವನೇ. “ನೋಡಲೇ, ಕೇಳಿದ್ದಕ್ಕಷ್ಟ ಉತ್ತರ. ಎಸ್, ಇಲ್ಲಾ ನೋ. ಮೂರನೇ ಶಬ್ದ ಬಾಯಾಗಿಂದ ಬಂತಂದ್ರ ಸತ್ತಿ” ಅಂದಿದ್ದ. ಆವತ್ತಿನಿಂದ ಅದೇ ನನ್ನ ವೇದ. ಕೌಂಟರಿನ ಆಚೆ ಯಾರೇ ನಿಂತಿರಲಿ, ನನ್ನ ಬಾಯಿಗೆ ಬೀಗ ಬೀಳುತ್ತದೆ. ಹಲ್ಲಿನ ಡಾಕ್ಟರು ನೋಯುತ್ತಿದೆಯಾ ಅಂದರೂ ನೋ. ಅವರು ಅಲ್ಲೇ ಡ್ರಿಲ್ ಮಾಡುತ್ತಿದ್ದರೂ ನೋ. ನಿಮ್ಮಲ್ಲಿ ವೀಸಾದಲ್ಲಿರುವವರಿಗೆ ಈ ಕಾಯಿಲೆ ಗೊತ್ತು. ಉಳಿದವರು ನಕ್ಕುಬಿಡಿ.

ಇಂಚರಾ ನಗಲಿಲ್ಲ. ಅವಳು ಹುಟ್ಟಿದ್ದು ಇಲ್ಲಿ. ಅಮೆರಿಕದ ಪಾಸ್‌ಪೋರ್ಟು. ಕೌಂಟರ್ ಅಂದರೆ ಅವಳಿಗೆ ಬರೀ ಕೌಂಟರ್.

“ಅಪ್ಪಾ, ದಟ್ಸ್ ನಾಟ್ ಟ್ರೂ.” ಪಿಸುಗುಟ್ಟಲಿಲ್ಲ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು. “ದೇರ್ ಈಸ್ ಎ ಪ್ಲಾಂಟ್. ಇನ್ ದ ಯೋಗರ್ಟ್ ಕಪ್. ವೈ ವುಡ್ ಯು ಸೇ ನೋ?”

ಸೂಟ್‌ಕೇಸ್ ಆಗಲೇ ಬೆಲ್ಟಿನ ಮೇಲಿತ್ತು. ಬೆಲ್ಟ್ ನಿಂತಿತು. ಪರದೆಯ ಮೇಲೆ ನಮ್ಮ ಸಂಸಾರವೆಲ್ಲ ಹಸಿರು, ಕಿತ್ತಳೆ ಬಣ್ಣದಲ್ಲಿ ಕಾಣುತ್ತಿತ್ತು. ತೆಂಗಿನಕಾಯಿ ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆ ಬಲ್ಲಿರಾ? ಥೇಟ್ ತಲೆಬುರುಡೆ.

ಹೆಂಗಸು ಮೊದಲು ಮಗಳನ್ನು ನೋಡಿದಳು. ಆಮೇಲೆ ನನ್ನನ್ನು. ಮುಖದಲ್ಲಿದ್ದ ನಗು ಹೋಗಿತ್ತು. “ಸರ್, ಸ್ಟೆಪ್ ಅಸೈಡ್” ಅಂದಳು. ನನ್ನ ಡ್ರೈವಿಂಗ್ ಲೈಸೆನ್ಸ್ ಇಸಿದುಕೊಂಡಳು.

ಹಿಂದಿನ ಕ್ಯೂ ಪೂರ್ತಿ ನಮ್ಮನ್ನೇ ನೋಡುತ್ತಿತ್ತು. ನನ್ನ ತಲೆಯಲ್ಲಿ ಸಿನಿಮಾ ಓಡುತ್ತಿತ್ತು: ಸುಳ್ಳು ಹೇಳಿಕೆ, ಫೆಡರಲ್ ಅಧಿಕಾರಿ, ಫೈಲಿನಲ್ಲಿ ಕೆಂಪು ಶಾಯಿ, ಮಾರಿದ ಮನೆ, ಸ್ಕೂಲಿನಲ್ಲಿ ಇಂಚರಾಳ ಖಾಲಿ ಲಾಕರು.

ಸೂಟ್‌ಕೇಸನ್ನು ಸ್ಟೀಲ್ ಮೇಜಿನ ಮೇಲಿಟ್ಟು ತೆರೆದರು. ಟವೆಲ್ ಬಿಚ್ಚಿದ ಕೂಡಲೇ ಮೊಸರಿನ ಡಬ್ಬಿ ಸಿಕ್ಕಿತು. ಆಮೇಲೆ ಗಂಟು. ಹೆಂಗಸು ಗ್ಲೌಸ್ ಹಾಕಿದ ಕೈಯನ್ನು ಗಂಟಿಗೆ ಚಾಚಿದಳು.

ಸುಮಾ ಆ ಕೈಯ ಮೇಲೆ ತನ್ನ ಕೈ ಇಟ್ಟಳು.

ಅಧಿಕಾರಿಯ ಮೈ ಮುಟ್ಟುವುದೇ? “ಸುಮಾ, ಕೈ ತೆಗಿ.”

“ತೆಗಿಯಲ್ಲ.”

“ಸುಮಾ, ನಿನ್ ದಮ್ಮಯ್ಯ ಅಂತೀನಿ.”

“ದೀಪ ಹಚ್ಚದೆ ಬಿಚ್ಚಲ್ಲ ಇದನ್ನ. ಅದರಲ್ಲೂ ಇವರ ಕೈಲಿ ಬಿಚ್ಚಿಸಲ್ಲ. ಏನ್ ಮಾಡ್ತಾರೋ ಮಾಡ್ಲಿ.”

ಹದಿನೆಂಟು ವರ್ಷ ಸಂಸಾರ ಮಾಡಿದ್ದೇನೆ. ಆ ದನಿ ಕೇಳಿರಲಿಲ್ಲ. ಅಮ್ಮ ಹೋದಾಗ ಬರಬೇಕಿದ್ದ ದನಿ ಅದು; ಎರಡು ವರ್ಷ ತಡವಾಗಿ ಬಂದಿತ್ತು.

“ಮ್ಯಾಮ್, ಟೇಕ್ ಯುವರ್ ಹ್ಯಾಂಡ್ ಆಫ್, ಪ್ಲೀಸ್.” ಮೇಜಿನ ಆಚೆಯಿಂದ ಇನ್ನೊಬ್ಬ ಅಧಿಕಾರಿ ಎದ್ದು ನಿಂತ.

ಆಗ ಇಂಚರಾ ನಡುವೆ ಬಂದಳು. “ಆಂಟಿ,” ಅಂದಳು ಆ ಹೆಂಗಸಿಗೆ. ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಅನ್ನುವ ಹಾಗೆಯೇ. ಇದು ಅಮ್ಮನ ಮನೆಯವರು ಮಗಳಿಗೆ ಕೊಡುವ ಆಶೀರ್ವಾದ, ಅಜ್ಜಿ ಸತ್ತಾಗ ಅಮ್ಮನಿಗೆ ಹೋಗಲು ಆಗಲಿಲ್ಲ, ಇಲ್ಲಿನ ಒಬ್ಬ ಆಂಟಿ ಅಜ್ಜಿಯ ಬದಲಿಗೆ ಇದನ್ನು ಕೊಟ್ಟರು, ಇದನ್ನು ಕಸದಬುಟ್ಟಿಗೆ ಹಾಕಬಾರದು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟಳು. ಇಷ್ಟೆಲ್ಲ ಇವಳಿಗೆ ಯಾವಾಗ ಅರ್ಥವಾಗಿತ್ತು? ನಾವಂತೂ ಹೇಳಿರಲಿಲ್ಲ.

ಹೆಂಗಸು ಇನ್ನೊಬ್ಬನಿಗೆ ಕೂತುಕೋ ಅನ್ನುವಂತೆ ಕೈಸನ್ನೆ ಮಾಡಿದಳು. ಆಮೇಲೆ ತನ್ನ ಕೊರಳ ಹತ್ತಿರ ಬೆರಳಿಂದ ಒಂದು ವೃತ್ತ ಬರೆದು, “ಲೈಕ್ ಲೇ” ಅಂದಳು.

ಲೇ ಅಂದರೆ ಅವರ ಹೂವಿನ ಹಾರ. ಯಾರಾದರೂ ಪ್ರೀತಿಯಿಂದ ಕೊರಳಿಗೆ ಹಾಕಿದ ಹಾರವನ್ನು ಅಲ್ಲಿ ಕಸಕ್ಕೆ ಎಸೆಯುವುದಿಲ್ಲವಂತೆ. ಬಾಡಿದ ಮೇಲೂ ಮರದ ಕೊಂಬೆಗೆ ತೂಗುಹಾಕುತ್ತಾರೆ, ಇಲ್ಲವೇ ದಾರ ಬಿಚ್ಚಿ ಹೂವನ್ನು ಮಣ್ಣಿಗೆ ಸೇರಿಸುತ್ತಾರೆ. ಹಾಗೆ ಎಸೆದಿದ್ದರೆ ತನ್ನ ಅಜ್ಜಿ ಬೆನ್ನಿಗೆ ಎರಡು ಬಿಗಿಯುತ್ತಿದ್ದಳು ಅಂದಳು.

“ಆದರೆ ನಾನು ನೋಡಲೇಬೇಕು. ನೀನೇ ಬಿಚ್ಚು” ಅಂತ ಸುಮಾಗೆ ಹೇಳಿ, ಎರಡೂ ಕೈ ಹಿಂದೆ ಕಟ್ಟಿ ನಿಂತಳು.

ಸುಮಾ ಚಪ್ಪಲಿ ಕಳಚಿದಳು. ಏರ್‌ಪೋರ್ಟಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕಣ್ಣುಮುಚ್ಚಿ ಏನೋ ಅಂದುಕೊಂಡು, ಗಂಟು ಬಿಚ್ಚಿದಳು. ಅಕ್ಕಿ, ಓಕೆ. ತೆಂಗಿನಕಾಯಿ, ತಿರುಗಿಸಿ ನೋಡಿ, ಓಕೆ. ಒಣ ಅಡಿಕೆ, ಉತ್ತತ್ತಿ, ಅರಿಶಿನದ ಕೊಂಬು, ಬಳೆ, ಖಣ, ಓಕೆ. ವೀಳ್ಯದೆಲೆಯ ಹಿಂಬದಿಯಲ್ಲಿ ಬಿಳಿ ಚುಕ್ಕೆಗಳಿದ್ದವು. ಅದು ಬೇಡ. ಕರಿಬೇವು ಕಿತ್ತಳೆಯ ಕುಲದ್ದು, ಅದರ ಹುಳ ಬಂದರೆ ಮೇನ್‌ಲ್ಯಾಂಡಿನ ತೋಟಗಳೇ ಹೋಗುತ್ತವೆ, ಜೊತೆಗೆ ಮಣ್ಣು. ಅದಂತೂ ಖಂಡಿತ ಬೇಡ.

“ಈ ಐಲ್ಯಾಂಡಿನಲ್ಲಿ ನಿಮ್ಮವರು ಯಾರಾದರೂ ಇದ್ದಾರಾ? ಕರೆಯಿರಿ. ನಲವತ್ತು ನಿಮಿಷ ಟೈಮಿದೆ.”

ಗಿರಿಜಾ ಆಂಟಿ ತಮ್ಮ ಹಳೇ ಪಿಕಪ್ ಟ್ರಕ್ ಓಡಿಸಿಕೊಂಡು ಬರುವಷ್ಟರಲ್ಲಿ ನಾನು ಗಡಿಯಾರ ನೋಡಿದ್ದು ಎಷ್ಟು ಸಲವೋ. ಬೋರ್ಡಿಂಗಿಗೆ ಹದಿಮೂರು ನಿಮಿಷವಿದೆ ಅನ್ನುವಾಗ ಬಂದರು. ಕೈಯೆಲ್ಲ ಹಿಟ್ಟಾಗಿತ್ತು, ಚಪಾತಿ ಬಿಟ್ಟು ಬಂದಿದ್ದರು.

ಸುಮಾ ಡಬ್ಬಿ ಚಾಚಿದಳು. ಆಂಟಿ ತೆಗೆದುಕೊಳ್ಳಲಿಲ್ಲ.

“ಕೊಟ್ಟ ಉಡಿ ಹೊಳ್ಳಿ ತಗೊಳ್ಳಂಗಿಲ್ಲವಾ.”

“ಮತ್ತೇನ್ ಮಾಡ್ಲಿ ಆಂಟಿ? ಕಸಕ್ಕೆ ಹಾಕ್ತಾರೆ ಇವರು.”

ಆಂಟಿ ಕೈಯ ಹಿಟ್ಟು ಕೊಡವಿಕೊಂಡರು. “ಹಂಗಿದ್ರ ಇದು ನಿಂದ. ನಂದಲ್ಲ. ನನ್ನ ಹಿತ್ತಲದಾಗ ನಿನ್ನ ಹೆಸರ್ಲೇ ಹಚ್ಚತೇನಿ. ನೀರು ನಾ ಹಾಕತೇನಿ, ನೋಡಾಕ ನೀ ಬರಬೇಕು. ತವರಿಗೆ ಬರಾಕ ಯಾರ್ ಸ್ಟ್ಯಾಂಪ್ ಬೇಕ?” ಅಂದು, ಆಮೇಲೆ ಡಬ್ಬಿ ಇಸಿದುಕೊಂಡರು.

ಅಷ್ಟು ಹೊತ್ತೂ ಆ ಹೆಂಗಸು ನನ್ನ ಲೈಸೆನ್ಸ್ ಮುಂದಿಟ್ಟುಕೊಂಡು ಪ್ಯಾಡಿನಲ್ಲಿ ಏನೋ ಬರೆಯುತ್ತಿದ್ದಳು. ತಲೆಕೆಳಗಾಗಿ ಓದಲು ನೋಡಿದೆ, ಆಗಲಿಲ್ಲ. “ಇದು ರೆಕಾರ್ಡಿಗೆ ಹೋಗತ್ತಾ?” ಅಂತ ತೊದಲಿದೆ. ಅವಳು ಎಸ್ ಅನ್ನಲಿಲ್ಲ, ನೋ ಅನ್ನಲಿಲ್ಲ. ಲೈಸೆನ್ಸ್ ವಾಪಸ್ ಕೊಡುತ್ತ ಅಂದಳು: “ನೆಕ್ಸ್ಟ್ ಟೈಮ್ ಜಸ್ಟ್ ಸೇ ಎಸ್, ಅಂಕಲ್. ಎಸ್ ಈಸ್ ಈಸಿ.”

ಸರ್ ಆಗಿದ್ದವನು ಅಂಕಲ್ ಆಗಿದ್ದೆ. ಅದು ಬಡ್ತಿಯೋ ಹಿಂಬಡ್ತಿಯೋ ಇನ್ನೂ ತಿಳಿದಿಲ್ಲ.

ವಿಮಾನದಲ್ಲಿ ಸುಮಾ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಮೂರು ಗಂಟೆ ಕೆಳಗೆ ಬರೀ ನೀರು. ಕೊನೆಗೆ ಕಿಟಕಿ ಕಡೆ ನೋಡಿಕೊಂಡೇ ಹೇಳಿದಳು.

“ಅವರು ಏನಿದೆ ಅಂತ ಕೇಳಿದ್ರು. ನೀವು ನನ್ ಮುಂದೇನೇ ಏನೂ ಇಲ್ಲ ಅಂದ್ರಿ. ಅಮ್ಮ ಹೋದಾಗ್ಲೂ ಹಿಂಗೇ ಅಂದಿದ್ರಿ. ಏನೂ ಇಲ್ಲ ಬಿಡು, ಮುಂದಿನ ವರ್ಷ ಹೋಗೋಣ ಅಂತ.”

“ನಮಗೋಸ್ಕರಾನೇ ಅಲ್ವೇನೇ ಸುಮಾ...”

“ಗೊತ್ತು. ಅದಕ್ಕೇ ಎರಡು ವರ್ಷ ಸುಮ್ನಿದ್ದೆ.”

ವಿರೂಪಾಕ್ಷ ಕಲಿಸಿದ ಎರಡು ಶಬ್ದಗಳಲ್ಲಿ ಯಾವುದೂ ಒದಗಲಿಲ್ಲ. ನನಗೆ ನಾಚಿಕೆಯಾಗಿತ್ತು. ಆದರೆ ನಾಚಿಕೆಯಾಗಿದೆ ಅಂತ ಹೇಳಲಿಲ್ಲ.

ಮನೆಗೆ ಬಂದ ಮರುವಾರವೇ ಗ್ರೀನ್ ಕಾರ್ಡ್ ಕ್ಯೂನಲ್ಲಿ ನಮ್ಮ ಸರದಿ ಬಂತು. ಹದಿನಾರು ವರ್ಷ ಕಾದದ್ದು! ಗ್ರೀನ್ ಕಾರ್ಡಿನ ಫಾರಂ ತುಂಬಿ ಕಳಿಸಿ ಅಂತ ಆಫೀಸಿನಿಂದ ಮೇಲ್. ಸುಮಾ ಪಾಯಸ ಮಾಡಿದಳು, ಮಡಿಲಕ್ಕಿಯದೇ. ನಾನು ಪುಟ ತಿರುಗಿಸುತ್ತ ಹೋದೆ. ಹೆಸರು, ಹುಟ್ಟಿದ ಊರು, ವಿಳಾಸ. ಆಮೇಲೆ ಪ್ರಶ್ನೆಗಳ ಸಾಲು. ನೋ, ನೋ, ನೋ ಅಂತ ಮೌಸ್ ತಾನೇ ಓಡುತ್ತಿತ್ತು. ಒಂದು ಪ್ರಶ್ನೆಗೆ ನಿಂತಿತು. ಸರ್ಕಾರದ ಅಧಿಕಾರಿಗೆ ಎಂದಾದರೂ ಸುಳ್ಳು ಹೇಳಿದ್ದೀರಾ, ಅನ್ನುವ ಧಾಟಿಯದು. ಎರಡು ಚೌಕ. ಎಸ್. ನೋ.

ವಿರೂಪಾಕ್ಷನಿಗೆ ಫೋನ್ ಮಾಡಿದೆ. ಬಿದ್ದು ಬಿದ್ದು ನಕ್ಕ. “ಕರಿಬೇವಿನ ಸಲುವಾಗಿ ಯಾರರ ಎಸ್ ಹಾಕತಾರೇನಲೇ? ನೋ ಅಂತ ಒತ್ತಿ ಮಲ್ಕೊ.” ವಕೀಲರಿಗೆ ಒಂದು ಮೇಲ್ ಬರೆದೆ. ಉತ್ತರ ಬಂದಿಲ್ಲ. (ಕಳಿಸಿದರೆ ತಾನೇ ಬರುವುದು? ಇನ್ನೂ ಡ್ರಾಫ್ಟಿನಲ್ಲಿದೆ.) ಫಾರಂ ಕಳಿಸಲು ಇನ್ನು ಒಂಬತ್ತು ದಿನ.

ಎಸ್ ಅಂದರೆ ಏನಾಗಬಹುದು? ಏನೂ ಆಗದಿರಬಹುದು. ವಿವರಣೆ ಕೇಳಬಹುದು. ಇನ್ನಷ್ಟು ವರ್ಷ ಹಿಂದಕ್ಕೆ ತಳ್ಳಬಹುದು. ನನಗೆ ನಿಜವಾಗಿಯೂ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಹೆದರಿಕೆ. ಆದರೆ ಆ ಚೌಕದ ಮುಂದೆ ಕೂತಾಗಲೆಲ್ಲ ಬೆನ್ನ ಹಿಂದೆ ಇಂಚರಾ ನಿಂತಿದ್ದಾಳೆ ಅನ್ನಿಸುತ್ತದೆ. ಎರಡು ಸಲ ನಿಜವಾಗಿಯೂ ನಿಂತಿದ್ದಳು. ಪ್ರಿಂಟರಿನ ಪೇಪರ್ ಬೇಕಿತ್ತಂತೆ.

ನಿನ್ನೆ ಗಿರಿಜಾ ಆಂಟಿ ಒಂದು ಫೋಟೋ ಕಳಿಸಿದರು. ಸಸಿಗೆ ಎರಡು ಹೊಸ ಎಲೆ. ಪಕ್ಕದಲ್ಲಿ ಒಂದು ಕಡ್ಡಿ, ಕಡ್ಡಿಗೆ ಕಟ್ಟಿದ ಚೀಟಿಯಲ್ಲಿ ಕನ್ನಡದಲ್ಲಿ ‘ಸುಮಾ.’ ಫೋಟೋ ನೋಡಿ ಮುಗಿಸಿದ ಸುಮಾಳ ಕೈಗೆ ಈ ಬರಹ ಕೊಟ್ಟೆ. ಕೂತು ಓದಿದಳು. ಅಮ್ಮನ ವಿಷಯ ಬಂದಲ್ಲಿ ನಿಂತಳು, ಮುಂದೆ ಹೋದಳು.

“ಇದನ್ನ ಪತ್ರಿಕೆಗೆ ಕಳಿಸಿದ್ರೆ ಏನಾಗತ್ತೆ ಗೊತ್ತಲ್ವಾ?” ಅಂದೆ.

“ಗೊತ್ತು” ಅಂದಳು. “ಕಳಿಸಿ.”

ಕಳಿಸಿದ್ದೇನೆ. ಇದು ಅಚ್ಚಾಗಿ ನಿಮ್ಮ ಕೈಗೆ ಬಂದ ಮೇಲೆ, ಆ ಚೌಕದಲ್ಲಿ ನಾನು ‘ನೋ’ ಅನ್ನುವುದಾದರೂ ಹೇಗೆ, ಹೇಳಿ?